ದೋಣಿಯಲ್ಲಿ ಏಳು ಪರದೆ, ಒಂದೇ ಬ್ಯಾಟರಿ

ಪ್ರಶ್ನೆ: ಸರ್, ನಾವು ಮೂವರು ಗೆಳೆಯರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಗೋವಾದಲ್ಲಿ 32 ಅಡಿಯ ಹಳೆಯ ಹಾಯಿದೋಣಿ ಕೊಂಡಿದ್ದೇವೆ. ಮಳೆಗಾಲ ಮುಗಿದ ಮೇಲೆ ಕಾರವಾರ, ಮಲ್ಪೆ, ಮಂಗಳೂರು ನೋಡಿಕೊಂಡು ಅಲ್ಲಿಂದ ಲಕ್ಷದ್ವೀಪದ ಕವರತ್ತಿಗೆ ಹೋಗುವ ಆಸೆ. ದೋಣಿಯಲ್ಲಿ ಒಂದು ಚಾರ್ಟ್ ಪ್ಲಾಟರ್ (ಚಾರ್ಟ್ ಅಂದರೆ ಕಡಲ ನಕ್ಷೆ, ಅದರ ಮೇಲೆ ದೋಣಿ ಎಲ್ಲಿದೆ ಅಂತ ತೋರಿಸುವ ಪರದೆ), ಅದೇ ಕೆಲಸದ ಓಪನ್‌ಸಿಪಿಎನ್ ಪ್ರೋಗ್ರಾಮ್ ಹಾಕಿದ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಲ್ಯಾಪ್‌ಟಾಪ್, ಐಪ್ಯಾಡ್, ಮೂರು ಫೋನ್ ಇವೆ. ಎಲ್ಲಕ್ಕೂ ಒಂದೇ ಬ್ಯಾಟರಿ. ಪ್ಲಾಟರ್‌ನ ಜಿಪಿಎಸ್ ವೈಫೈ ಮೂಲಕ ಉಳಿದವಕ್ಕೆ ಹೋಗುತ್ತದೆ. ಇಷ್ಟು ಬ್ಯಾಕಪ್ ಸಾಕಾ? ಇನ್ನೊಂದು ಪ್ಲಾಟರ್ ಕೊಳ್ಳಬೇಕಾ? ಕಂಪ್ಯೂಟರಿನ ಬ್ಯಾಕಪ್ ಹೇಗಿರಬೇಕು? ಸೂರ್ಯ, ನಕ್ಷತ್ರ ದಿಗಂತದಿಂದ ಎಷ್ಟು ಮೇಲಿವೆ ಅಂತ ಅಳೆಯುವ ಸೆಕ್ಸ್‌ಟಂಟ್ ಕಲಿಯುವುದು ಈಗಲೂ ಬೇಕಾ?

ಉತ್ತರ:

ನಿಮ್ಮ ಪಟ್ಟಿ ಎಣಿಸಿದೆ. ಏಳು ಪರದೆ. ಮೂರು ಜನಕ್ಕೆ ಕಡಿಮೆಯೇನಲ್ಲ. ಆದರೆ ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಎರಡು ಸಾಲು ಇವೆಯಲ್ಲ, "ಎಲ್ಲಕ್ಕೂ ಒಂದೇ ಬ್ಯಾಟರಿ" ಮತ್ತು "ಪ್ಲಾಟರ್‌ನ ಜಿಪಿಎಸ್ ಉಳಿದವಕ್ಕೆ ಹೋಗುತ್ತದೆ" ಅನ್ನುವವು, ನನ್ನ ಕಣ್ಣು ನಿಂತಿದ್ದು ಅಲ್ಲಿ. ಬ್ಯಾಟರಿ ಹೋದರೆ ಪ್ಲಾಟರ್ ಹೋಯಿತು, ಪೈ ಹೋಯಿತು. ಪ್ಲಾಟರ್ ಹೋದರೆ ಲ್ಯಾಪ್‌ಟಾಪಿಗೆ ತಾನೆಲ್ಲಿದ್ದೇನೆ ಅಂತ ಗೊತ್ತಿಲ್ಲ. ಐಪ್ಯಾಡ್ ವೈಫೈ ಮಾತ್ರ ಇರುವ ಮಾದರಿಯಾಗಿದ್ದರೆ ಅದರೊಳಗೆ ಜಿಪಿಎಸ್ ಚಿಪ್ಪೇ ಇರುವುದಿಲ್ಲ. ಸಿಮ್ ಹಾಕುವ ಮಾದರಿಯಲ್ಲಿ ಮಾತ್ರ ಇರುತ್ತದೆ. ಇದು ತುಂಬ ಜನಕ್ಕೆ ದಡ ಬಿಟ್ಟ ಮೇಲೆ ಗೊತ್ತಾಗುವ ಸಂಗತಿ. ಹಾಗಾಗಿ ನಿಮ್ಮ ಏಳರಲ್ಲಿ ತನ್ನ ಕಾಲ ಮೇಲೆ ತಾನು ನಿಂತಿರುವುದು ಮೂರು ಫೋನ್ ಮಾತ್ರ. ಅವೂ ನಿಮ್ಮ ಪಟ್ಟಿಯ ಕೊನೆಯಲ್ಲಿವೆ!

ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಸಾಧನಗಳ ಹೆಸರು ಬರೆಯಿರಿ. ಬಲಕ್ಕೆ, ಅದಕ್ಕೆ ಕರೆಂಟು ಎಲ್ಲಿಂದ, ಜಿಪಿಎಸ್ ಎಲ್ಲಿಂದ, ಚಾರ್ಟ್ ಎಲ್ಲಿಂದ, ಅದನ್ನು ನಡೆಸಲು ಯಾರಿಗೆ ಬರುತ್ತದೆ ಅಂತ ಬರೆಯಿರಿ. ಒಂದೇ ಉತ್ತರ ಎಷ್ಟು ಸಲ ಬರುತ್ತದೆ ನೋಡಿ. ಕೊನೆಯ ಕಾಲಂ ಮರೆಯಬೇಡಿ. ಓಪನ್‌ಸಿಪಿಎನ್ ಗೊತ್ತಿರುವವರು ನೀವೊಬ್ಬರೇ ಆಗಿದ್ದು, ನೀವು ವಾಂತಿ ಮಾಡಿಕೊಂಡು ಕೆಳಗೆ ಮಲಗಿದರೆ ಏಳು ಪರದೆಯೂ ಗೋಡೆಗೆ ಹಾಕಿದ ಚಿತ್ರಪಟವೇ.

ನನಗೇ ಆದದ್ದು ಹೇಳುತ್ತೇನೆ. ಹಡಗಿನಲ್ಲಿ ವರ್ಷಗಟ್ಟಲೆ ಎಲೆಕ್ಟ್ರಿಕಲ್ ಕೆಲಸ ಮಾಡಿದವನು ನಾನು. ಇಂಥದ್ದೆಲ್ಲ ನನಗೆ ಆಗುವುದಿಲ್ಲ ಅಂದುಕೊಂಡಿದ್ದೆ. ಕೆಲವು ವರ್ಷದ ಹಿಂದೆ ಕಾರವಾರದಿಂದ ಮಲ್ಪೆಗೆ ಗೆಳೆಯರೊಬ್ಬರ ಹಾಯಿದೋಣಿ ತರುತ್ತಿದ್ದೆವು. ಭಟ್ಕಳದ ಹೊರಗೆ, ನೇತ್ರಾಣಿ ದ್ವೀಪ ದಾಟಿದ ಮೇಲೆ, ರಾತ್ರಿ ಎರಡು ಗಂಟೆ ಹೊತ್ತಿಗೆ ಗಾಳಿ ಸತ್ತುಹೋಯಿತು. ಎಂಜಿನ್ ಶುರು ಮಾಡಿದೆವು. ಸ್ಟಾರ್ಟರ್ ಎಳೆದ ಆ ಒಂದು ಕ್ಷಣಕ್ಕೆ ದೀಪ ಮಂಕಾಯಿತು. ಪೈ ಪರದೆ ಕಪ್ಪಾಯಿತು. ಮತ್ತೆ ಹೊತ್ತಿಕೊಂಡಿತು, ನಾಲ್ಕು ಸಾಲು ಅಕ್ಷರ ಓಡಿದವು, ಅಲ್ಲೇ ನಿಂತಿತು. ಎಸ್‌ಡಿ ಕಾರ್ಡ್ ಕೆಟ್ಟಿತ್ತು. ಪರವಾಗಿಲ್ಲ, ಇನ್ನೊಂದು ಕಾರ್ಡಿದೆ ಅಂತ ಡಬ್ಬಿಯಿಂದ ತೆಗೆದು ಹಾಕಿದೆ. ಅದು ಹೊತ್ತಿಕೊಳ್ಳಲೇ ಇಲ್ಲ. ಎರಡರ ಮೇಲೂ 32 ಜಿಬಿ ಅಂತಲೇ ಬರೆದಿತ್ತು. ಆದರೆ ಎರಡನೆಯದು ಮೊದಲನೆಯದಕ್ಕಿಂತ ಕೆಲವು ಎಂಬಿ ಚಿಕ್ಕದು. ನಕಲು ಕೊನೆಗೆ ಬಂದಾಗ ಜಾಗ ಸಾಲದೆ ಅರ್ಧಕ್ಕೆ ನಿಂತಿತ್ತು. ನಾನು ಅದನ್ನು ಒಂದು ಸಲವೂ ಹಾಕಿ ನೋಡಿರಲಿಲ್ಲ.

ಆ ರಾತ್ರಿ ಕೈ ಹಿಡಿದಿದ್ದು ಆಳ ತೋರಿಸುವ ಸೌಂಡರ್. ಅದರ ವೈರಿಂಗೇ ಬೇರೆ ಇತ್ತು. ನಮ್ಮ ಕಡೆ ಸಮುದ್ರದ ತಳ ದಡದಿಂದ ಹೊರಗೆ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಆಳದ ಗೆರೆಗಳು ಹೆಚ್ಚೂಕಡಿಮೆ ದಡಕ್ಕೆ ಸಮಾನವಾಗಿ ಓಡುತ್ತವೆ. ಆಳ ಕಡಿಮೆಯಾಗುತ್ತಾ ಬಂದರೆ ಬಲಕ್ಕೆ, ಜಾಸ್ತಿಯಾದರೆ ಎಡಕ್ಕೆ. ಹೀಗೆ ಒಂದೇ ಆಳ ಹಿಡಿದುಕೊಂಡು, ದಿಕ್ಸೂಚಿ ನೋಡಿಕೊಂಡು ದಕ್ಷಿಣಕ್ಕೆ ಬಂದೆವು. ಹಳೆಯ ಮೀನುಗಾರರು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಸಿ ಎಷ್ಟು ಮಾರು ನೀರಿದೆ ಅಂತ ಅಳೆಯುತ್ತಿದ್ದರು. ನಾವು ಮಾಡಿದ್ದು ಅದನ್ನೇ, ಗುಂಡಿನ ಬದಲು ಗುಂಡಿ ಒತ್ತಿ.

ಈಗ ಕರೆಂಟಿನ ವಿಷಯ. ನಿಮ್ಮಲ್ಲಿ ಎಂಜಿನ್ನಿಗೂ ಒಳಗಿನ ದೀಪಗಳಿಗೂ ಅದೇ ಬ್ಯಾಟರಿಯಾ? ಹಾಗಿದ್ದರೆ ಪ್ಲಾಟರ್ ಕೊಳ್ಳುವ ಮಾತು ಆಮೇಲೆ, ಮೊದಲು ಅದನ್ನು ಬೇರೆ ಮಾಡಿಸಿ. ಎಂಜಿನ್ ಶುರುವಾಗುವ ಕ್ಷಣದಲ್ಲಿ 12 ವೋಲ್ಟಿನ ಬ್ಯಾಟರಿ 10ಕ್ಕೋ ಅದಕ್ಕಿಂತ ಕೆಳಗೋ ಇಳಿಯಬಹುದು. ಕಾರಿನಲ್ಲಿ ಫೋನಿಗೆ ಹಾಕುವ ಅಗ್ಗದ ಚಾರ್ಜರ್‌ನಿಂದ ಪೈ ನಡೆಸುತ್ತಿದ್ದರೆ ಅದು ಆ ಇಳಿತ ತಾಳುವುದಿಲ್ಲ. ಪೈ ಪರದೆಯ ಮೂಲೆಯಲ್ಲಿ ಆಗಾಗ ಹಳದಿ ಮಿಂಚಿನ ಗುರುತು ಬರುತ್ತದಾ? ವೋಲ್ಟೇಜು ಸಾಲುತ್ತಿಲ್ಲ ಅಂತ ಅದು ಹೇಳುತ್ತಿದೆ. ಆ ಗುರುತನ್ನು ಸೆಟ್ಟಿಂಗಿನಲ್ಲಿ ಅಡಗಿಸುವವರನ್ನೂ ನೋಡಿದ್ದೇನೆ. 9ರಿಂದ 36 ವೋಲ್ಟಿನವರೆಗೆ ಏನು ಬಂದರೂ 5 ವೋಲ್ಟು ಸ್ಥಿರವಾಗಿ ಕೊಡುವ ಡಿಸಿ ಕನ್ವರ್ಟರ್ ಸಿಗುತ್ತದೆ. ಅದನ್ನು ಹಾಕಿಸಿ, ಅದಕ್ಕೇ ಬೇರೆ ಫ್ಯೂಸ್ ಇಡಿ. ಅಗ್ಗದ ಚಾರ್ಜರ್‌ನಿಂದ ಇನ್ನೊಂದು ತೊಂದರೆ ಇದೆ. ಅದು ದೋಣಿಗಳು ಮಾತಾಡಿಕೊಳ್ಳುವ ವಿಎಚ್‌ಎಫ್ ರೇಡಿಯೋದಲ್ಲಿ ಗರಗರ ಸದ್ದು ಹುಟ್ಟಿಸುತ್ತದೆ, ಸುತ್ತಲಿನ ಹಡಗುಗಳ ಸಿಗ್ನಲ್ ಹಿಡಿದು ಅವನ್ನು ಪರದೆ ಮೇಲೆ ತೋರಿಸುವ ಎಐಎಸ್‌ಗೆ ದೂರದ ಹಡಗು ಕೇಳಿಸದಂತೆ ಮಾಡುತ್ತದೆ. ಚಾರ್ಜರ್ ಕಿತ್ತಾಗ ಪರದೆ ಮೇಲೆ ಹೆಚ್ಚು ಹಡಗು ಕಂಡರೆ ಕಳ್ಳ ಸಿಕ್ಕ ಹಾಗೇ.

ಲೆಕ್ಕವನ್ನೂ ಹಾಕಿಬಿಡೋಣ. ಪೈ ಮತ್ತು ಚಿಕ್ಕ ಪರದೆ ಸೇರಿ 10 ವಾಟ್ ಅಂದುಕೊಳ್ಳಿ. ದಿನಕ್ಕೆ 240 ವಾಟ್‌ಅವರ್, ಅಂದರೆ 12 ವೋಲ್ಟಿನಲ್ಲಿ 20 ಆಂಪ್‌ಅವರ್. ಲ್ಯಾಪ್‌ಟಾಪ್ 40 ವಾಟ್ ತಿಂದರೆ ದಿನಕ್ಕೆ 80 ಆಂಪ್‌ಅವರ್. 100 ಆಂಪ್‌ಅವರ್‌ನ ಲೆಡ್ ಬ್ಯಾಟರಿಯಲ್ಲಿ ನೆಮ್ಮದಿಯಿಂದ ಬಳಸಬಹುದಾದದ್ದು ಅರ್ಧ ಮಾತ್ರ. ಹಾಗಾಗಿ ಲ್ಯಾಪ್‌ಟಾಪ್ ದಿನವಿಡೀ ಓಡಿಸುವ ಯಂತ್ರ ಅಲ್ಲ. ಅದನ್ನು ಪೂರ್ತಿ ಚಾರ್ಜ್ ಮಾಡಿ, ಆಫ್ ಮಾಡಿ, ಒಣ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ನಿಮ್ಮ ನಿಜವಾದ ಮೀಸಲು ಅದು. ಉಪ್ಪು ಗಾಳಿಯ ತೇವ ಹೀರಿಕೊಳ್ಳುತ್ತದೆ. ಒಮ್ಮೆ ಯುಎಸ್‌ಬಿ ತೂತಿನೊಳಗೆ ಹೋದರೆ ಒಣಗಿದಂತೆ ಕಂಡರೂ ಮತ್ತೆ ಮತ್ತೆ ಒದ್ದೆಯಾಗುತ್ತದೆ. ಕೆಲವು ತಿಂಗಳಲ್ಲಿ ಹಸಿರು ಕಿಲುಬು ಏಳುತ್ತದೆ. ಬಳಸದ ತೂತುಗಳಿಗೆ ರಬ್ಬರ್ ಬಿರಡೆ ಹಾಕಿ.

ಕಂಪ್ಯೂಟರಿನ ಬ್ಯಾಕಪ್ ಬಗ್ಗೆ ನಿಮಗೆ ಪಾಠ ಹೇಳುವುದು ಸ್ವಲ್ಪ ತಮಾಷೆಯೇ. ನೀವೇ ಆ ಕೆಲಸದವರು. ಮೂರು ನಕಲು, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಅನ್ನುವ ಸೂತ್ರ ನಿಮಗೆ ಬಾಯಿಪಾಠ ಇರುತ್ತದೆ. ಆದರೆ ಆಫೀಸಿನಲ್ಲಿ ಬ್ಯಾಕಪ್ ಅಂದರೆ ಡೇಟಾ ಉಳಿಸುವುದು. ಯಂತ್ರ ಸಂಜೆಯೊಳಗೆ ಬೇರೆ ಸಿಗುತ್ತದೆ, ಇಂಟರ್ನೆಟ್ ಇದ್ದೇ ಇರುತ್ತದೆ. ದೋಣಿಯಲ್ಲಿ ನಿಮಗೆ ಬೇಕಾದದ್ದು ಹತ್ತು ನಿಮಿಷದಲ್ಲಿ, ಇಂಟರ್ನೆಟ್ ಇಲ್ಲದೆ, ಅಲುಗಾಡುವ ಮೇಜಿನ ಮೇಲೆ ಎದ್ದು ನಿಲ್ಲುವ ಯಂತ್ರ. ಬರೀ ಫೈಲ್ ಕಾಪಿ ಸಾಲದು, ಇಡೀ ಡಿಸ್ಕಿನ ನಕಲು ಬೇಕು.

ಪೈಗೆ ಇದು ಸುಲಭ. ಅದರ ಮೆನುವಿನಲ್ಲೇ ಎಸ್‌ಡಿ ಕಾರ್ಡ್ ಕಾಪಿಯರ್ ಇದೆ. ಅದು ತುಂಬಿದ ಜಾಗವನ್ನಷ್ಟೇ ನಕಲು ಮಾಡುವುದರಿಂದ ನನಗೆ ಆದಂಥ ಎಡವಟ್ಟು ಆಗುವುದಿಲ್ಲ. ಆದರೂ ಎರಡನೇ ಕಾರ್ಡ್ ಒಂದು ಸೈಜು ದೊಡ್ಡದೇ ತನ್ನಿ. ಆಗುವುದಾದರೆ ಮುಖ್ಯ ಯಂತ್ರವನ್ನು ಎಸ್‌ಎಸ್‌ಡಿಯಿಂದ ಓಡಿಸಿ, ಕಾರ್ಡುಗಳನ್ನು ಮೀಸಲಿಗೆ ಇಡಿ. ನಕಲು ಮುಗಿದ ಮೇಲೆ ಹಳೆಯದನ್ನು ತೆಗೆದು ಡಬ್ಬಿಗೆ ಹಾಕಿ, ಹೊಸದರಲ್ಲೇ ಮುಂದಿನ ಪ್ರಯಾಣ ಮಾಡಿ. ನಕಲು ಸರಿಯಿದೆಯಾ ಅಂತ ಪರೀಕ್ಷೆ ಮಾಡಲು ಬೇರೆ ದಿನ ಹುಡುಕಬೇಕಾಗಿಲ್ಲ. ನಾನು ಈಗ ಮಾಡುವುದು ಹೀಗೆಯೇ. ಕಾರ್ಡ್ ಮೇಲೆ ತಾರೀಕು ಬರೆದ ಅಂಟುಪಟ್ಟಿ ಇರಲಿ.

ವಿಂಡೋಸ್ ಲ್ಯಾಪ್‌ಟಾಪಿಗೆ ಕ್ಲೋನ್‌ಜಿಲ್ಲಾ ಥರದ ಉಚಿತ ಸಾಧನ ಸಾಕು. ಇನ್ನೊಂದು ಎಸ್‌ಎಸ್‌ಡಿಗೆ ಪೂರ್ತಿ ನಕಲು ಮಾಡಿ, ಸ್ಕ್ರೂ ಬಿಚ್ಚಿ, ಬದಲಿಸಿ, ಒಮ್ಮೆ ಬೂಟ್ ಮಾಡಿ ನೋಡಿ. ಈ ಹೆಜ್ಜೆ ತಪ್ಪಿಸಬೇಡಿ, ಯಾಕೆಂದರೆ ಇಲ್ಲಿ ಕಾಲು ಜಾರಿ ಬೀಳುವಂಥ ಒಂದು ಹಳ್ಳ ಇದೆ. ಈಚಿನ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕು ಎಷ್ಟೋ ಸಲ ನಿಮಗೆ ಗೊತ್ತಿಲ್ಲದೆಯೇ ಬಿಟ್‌ಲಾಕರ್‌ನಿಂದ ಬೀಗ ಹಾಕಿಕೊಂಡಿರುತ್ತದೆ. ಡಿಸ್ಕು ಬದಲಿಸಿದಾಗಲೋ ಬಯೋಸ್ ಮುಟ್ಟಿದಾಗಲೋ 48 ಅಂಕಿಯ ಕೀಲಿ ಕೇಳುತ್ತದೆ. ಆ ಕೀಲಿ ಆನ್‌ಲೈನ್ ಖಾತೆಯಲ್ಲಿ ಇರುತ್ತದೆ. ಕವರತ್ತಿಗೆ ಇನ್ನೂ ನೂರು ಮೈಲಿ ಇರುವಾಗ ಆನ್‌ಲೈನ್ ಎಲ್ಲಿಂದ ಬರಬೇಕು? ಆ 48 ಅಂಕಿಯನ್ನು ಕಾಗದದಲ್ಲಿ ಬರೆದು ಚಾರ್ಟ್ ಮೇಜಿನೊಳಗೆ ಅಂಟಿಸಿ.

ವಿಂಡೋಸ್‌ನ ಇನ್ನೊಂದು ಹಳೆಯ ಚಾಳಿ ಹೇಳಲೇಬೇಕು. ಯುಎಸ್‌ಬಿ ಜಿಪಿಎಸ್ ಸಿಕ್ಕಿಸಿ ಯಂತ್ರ ಶುರು ಮಾಡಿದರೆ, ಅದು ಕಳಿಸುವ ಅಂಕಿಗಳನ್ನು ವಿಂಡೋಸ್ ಕೆಲವೊಮ್ಮೆ ಹಳೆಯ ಕಾಲದ ಸೀರಿಯಲ್ ಮೌಸ್ ಅಂದುಕೊಳ್ಳುತ್ತದೆ. ಆಗ ಪರದೆ ಮೇಲಿನ ಬಾಣ ದೆವ್ವ ಹಿಡಿದಂತೆ ಕುಣಿಯುತ್ತದೆ, ತಾನೇ ಕ್ಲಿಕ್ ಮಾಡುತ್ತದೆ, ಕಿಟಕಿ ತೆಗೆಯುತ್ತದೆ, ಮುಚ್ಚುತ್ತದೆ. ವೈರಸ್ ಬಂತು ಅಂತ ಹೆದರಿದವರಿದ್ದಾರೆ. ಡಿವೈಸ್ ಮ್ಯಾನೇಜರ್‌ಗೆ ಹೋಗಿ ಆ ಸುಳ್ಳು ಮೌಸನ್ನು ಡಿಸೇಬಲ್ ಮಾಡಿದರೆ ಮುಗಿಯಿತು. ಇನ್ನೊಂದು, ಅದೇ ಜಿಪಿಎಸ್ಸನ್ನು ಬೇರೆ ಯುಎಸ್‌ಬಿ ತೂತಿಗೆ ಹಾಕಿದರೆ ವಿಂಡೋಸ್ ಅದಕ್ಕೆ ಕೊಟ್ಟ ಕಾಮ್ ಪೋರ್ಟ್ ನಂಬರ್ ಬದಲಾಗಬಹುದು. ಆಗ ಓಪನ್‌ಸಿಪಿಎನ್‌ಗೆ ಜಿಪಿಎಸ್ ಸಿಗುವುದಿಲ್ಲ. ನಮ್ಮ ದೋಣಿಯಲ್ಲಿ ತೂತಿಗೂ ಅದರ ಕೇಬಲ್ಲಿಗೂ ಒಂದೇ ಬಣ್ಣದ ಉಗುರುಬಣ್ಣ ಬಳಿದಿದ್ದೇವೆ. ಕೆಂಪು ಜಿಪಿಎಸ್, ಗುಲಾಬಿ ಎಐಎಸ್. ಮನೆಯಾಕೆಯ ಡ್ರೆಸ್ಸಿಂಗ್ ಟೇಬಲ್ಲಿನಿಂದ ಬಂದ ತಂತ್ರಜ್ಞಾನ.

ಡಿಸ್ಕಿನ ನಕಲಿನ ಹೊರಗೂ ಒಂದಷ್ಟು ಇಟ್ಟುಕೊಳ್ಳಬೇಕು. ನಿಮ್ಮ ರೂಟ್ ಮತ್ತು ದಾರಿಯಲ್ಲಿ ಗುರುತು ಹಾಕಿಕೊಂಡ ಜಾಗಗಳನ್ನು, ಅಂದರೆ ವೇಪಾಯಿಂಟ್‌ಗಳನ್ನು, ಜಿಪಿಎಕ್ಸ್ ಫೈಲಾಗಿ ತೆಗೆದು ಪೆನ್‌ಡ್ರೈವಿನಲ್ಲೂ ಮೂರೂ ಫೋನಿನಲ್ಲೂ ಹಾಕಿ. ಜಿಪಿಎಕ್ಸನ್ನು ಬಹುತೇಕ ಎಲ್ಲ ಆ್ಯಪ್‌ಗಳೂ ಓದುತ್ತವೆ. ಓಪನ್‌ಸಿಪಿಎನ್ ಇನ್‌ಸ್ಟಾಲರ್, ಯುಎಸ್‌ಬಿ ಸೀರಿಯಲ್ ಡ್ರೈವರ್, ಎಂಜಿನ್ ಮತ್ತು ಪ್ಲಾಟರ್‌ನ ಕೈಪಿಡಿ, ದೋಣಿಯ ದಾಖಲೆಗಳ ಸ್ಕ್ಯಾನ್, ಇವು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತಿರಲಿ. ಕೊಂಡ ಚಾರ್ಟುಗಳ ಲೈಸೆನ್ಸ್ ನೋಡಿ. ಕೆಲವು ಚಾರ್ಟುಗಳು ಒಂದು ಯಂತ್ರಕ್ಕೇ ಗಂಟು ಹಾಕಿಕೊಂಡಿರುತ್ತವೆ. ಡಿಸ್ಕನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿದರೆ ಪ್ರೋಗ್ರಾಮ್ ತೆರೆಯುತ್ತದೆ, ಚಾರ್ಟ್ ಮಾತ್ರ ತೆರೆಯುವುದಿಲ್ಲ. ಲೈಸೆನ್ಸನ್ನು ಯುಎಸ್‌ಬಿ ಡಾಂಗಲ್ (ಪೆನ್‌ಡ್ರೈವಿನಂಥ ಕೀಲಿ) ಮೇಲೆ ಕೊಡುವವರಿದ್ದರೆ ಅದನ್ನೇ ತೆಗೆದುಕೊಳ್ಳಿ. ಡಾಂಗಲ್ಲನ್ನು ಯಾವ ಯಂತ್ರಕ್ಕೆ ಸಿಕ್ಕಿಸಿದರೂ ಚಾರ್ಟ್ ತೆರೆಯುತ್ತದೆ.

"ಬೇರೆ ಜಾಗದಲ್ಲಿ ಒಂದು ನಕಲು" ಅನ್ನುವುದಕ್ಕೆ ದೋಣಿಯಲ್ಲಿ ಎರಡು ಅರ್ಥ. ಒಂದು ಬೆಂಗಳೂರಿನ ಮನೆಯಲ್ಲಿ. ಇನ್ನೊಂದು, ದೋಣಿ ಬಿಟ್ಟು ಹೋಗಬೇಕಾಗಿ ಬಂದರೆ ಕೈಗೆತ್ತಿಕೊಳ್ಳುವ ತುರ್ತು ಚೀಲದಲ್ಲಿ.

ಈಗ ಚಾರ್ಟಿನ ವಿಷಯಕ್ಕೆ ಬರೋಣ. ಯಂತ್ರಗಳೆಲ್ಲ ಸರಿಯಾಗಿ ನಡೆಯುತ್ತಿದ್ದಾಗಲೂ ದೋಣಿ ಕಲ್ಲಿಗೆ ಬಡಿಯಬಹುದು. 2014ರ ನವೆಂಬರ್ 29ರ ರಾತ್ರಿ, ವೋಲ್ವೋ ಓಷನ್ ರೇಸಿನಲ್ಲಿದ್ದ ಟೀಮ್ ವೆಸ್ಟಾಸ್ ವಿಂಡ್ ದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ಸುಮಾರು 19 ನಾಟ್ (ಗಂಟೆಗೆ ಸುಮಾರು 35 ಕಿ.ಮೀ.) ವೇಗದಲ್ಲಿ ಬಡಿಯಿತು. ಪ್ರಪಂಚದ ಒಳ್ಳೊಳ್ಳೆಯ ನಾವಿಕರು ಅದರಲ್ಲಿದ್ದರು. ಜಿಪಿಎಸ್ ಕೆಟ್ಟಿರಲಿಲ್ಲ, ಬ್ಯಾಟರಿ ಹೋಗಿರಲಿಲ್ಲ. ಚಾರ್ಟನ್ನು ಸಾಕಷ್ಟು ಜೂಮ್ ಮಾಡಿ ನೋಡಿರಲಿಲ್ಲ, ಅಷ್ಟೇ. ಜೂಮ್ ಹೊರಗೆ ತೆಗೆದರೆ ಎಲೆಕ್ಟ್ರಾನಿಕ್ ಚಾರ್ಟು ಸಣ್ಣ ಸಂಗತಿಗಳನ್ನು ಅಡಗಿಸುತ್ತದೆ. ಆ ದಿಬ್ಬ ಅವರು ನೋಡಿದ ಜೂಮ್‌ನಲ್ಲಿ ದಿಬ್ಬದಂತೆ ಕಾಣಲೇ ಇಲ್ಲ. ಪುಣ್ಯಕ್ಕೆ ಎಲ್ಲರೂ ಬದುಕಿದರು.

ಇದನ್ನು ಯಾಕೆ ಹೇಳಿದೆ ಅಂದರೆ ಲಕ್ಷದ್ವೀಪ ಅದೇ ಬಗೆಯ ಜಾಗ. ಬೆಟ್ಟವಿಲ್ಲ. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದ ಹವಳದ ದ್ವೀಪಗಳು, ಅದರ ಮೇಲೆ ತೆಂಗಿನ ಮರ. ಬೈರಂಗೋರ್, ಪೆರುಮಾಳ್ ಪಾರ್ ಥರದವಂತೂ ಹೆಚ್ಚಾಗಿ ನೀರಿನ ಮಟ್ಟದಲ್ಲೋ ಅದರ ಕೆಳಗೋ ಇರುವ ದಿಬ್ಬಗಳು. ಹೊರಡುವ ಮುಂಚೆ, ದಡದಲ್ಲೇ ಕೂತು, ಇಡೀ ದಾರಿಯನ್ನು ದೊಡ್ಡ ಜೂಮ್‌ನಲ್ಲಿ ಬೆರಳು ಸರಿಸುತ್ತಾ ಒಂದು ಸಲ ಪೂರ್ತಿ ನೋಡಿ. ಗಂಟೆ ಹಿಡಿಯುತ್ತದೆ, ಬೋರಾಗುತ್ತದೆ. ಮೂವರಲ್ಲಿ ಇಬ್ಬರು ಬೇರೆ ಬೇರೆಯಾಗಿ ನೋಡಿ.

ಜೊತೆಗೆ ಕಾಗದದ ಚಾರ್ಟ್ ಇರಲಿ. ನಮ್ಮ ನೀರಿಗೆ ಡೆಹ್ರಾಡೂನ್‌ನ ನೌಕಾಪಡೆಯ ಹೈಡ್ರೋಗ್ರಾಫಿಕ್ ಕಚೇರಿಯ ಚಾರ್ಟುಗಳಿವೆ. ಪ್ರತಿ ಬಂದರಿನದೂ ಬೇಕಾಗಿಲ್ಲ. ಕರಾವಳಿಗೆ ಸಣ್ಣ ಸ್ಕೇಲಿನವು (ಹೆಚ್ಚು ಜಾಗ, ಕಡಿಮೆ ವಿವರ), ಲಕ್ಷದ್ವೀಪಕ್ಕೆ ದೊಡ್ಡ ಸ್ಕೇಲಿನವು (ಕಡಿಮೆ ಜಾಗ, ಹೆಚ್ಚು ವಿವರ), ನೀವು ಒಳಗೆ ಹೋಗುವ ಬಂದರುಗಳದು, ಇಷ್ಟಿದ್ದರೆ ನಡೆಯುತ್ತದೆ. ಮಲ್ಪೆ, ಮಂಗಳೂರಿನ ಅಳಿವೆಗಳಲ್ಲಿ ಮರಳು ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುತ್ತದೆ. ಅಲ್ಲಿ ಕಾಗದವನ್ನೂ ಪರದೆಯನ್ನೂ ಎರಡನ್ನೂ ನಂಬಬೇಡಿ. ಒಳಗೆ ಹೋಗುವ ಬೋಟಿನವರನ್ನು ಕೇಳಿ, ಅವರ ಹಿಂದೆಯೇ ಹೋಗಿ.

ಸಿಡಿಲು. ನಮ್ಮ ಕರಾವಳಿಯಲ್ಲಿ ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರಿನ ಹಿಂಗಾರಿನಲ್ಲಿ ಗುಡುಗು ಜಾಸ್ತಿ. ನೀವು ಹೊರಡುವುದು ಮಳೆಗಾಲ ಮುಗಿದ ಕೂಡಲೇ ಆದರೆ ಅದೇ ಹೊತ್ತು. ಬಟಾಬಯಲು ನೀರಿನ ಮೇಲೆ ಎತ್ತರದ ಲೋಹದ ಕಂಬ ನಿಮ್ಮದೊಂದೇ. ಬಡಿದರೆ ತಂತಿಗೆ ಸೇರಿದ್ದೆಲ್ಲ ಒಂದೇ ಏಟಿಗೆ ಹೋಗಬಹುದು. ಹಾಗಾಗಿ ತಂತಿಗೆ ಸೇರದ ಒಂದು ಫೋನ್, ಕೈಯಲ್ಲಿ ಹಿಡಿಯುವ ಜಿಪಿಎಸ್, ಕೈ ವಿಎಚ್‌ಎಫ್, ಇವನ್ನು ಲೋಹದ ಪೆಟ್ಟಿಗೆಯಲ್ಲಿ ಹಾಕಿಡಿ. ವಿದೇಶಿ ನಾವಿಕರು ಒಲೆಯ ಕೆಳಗಿನ ಅವನ್‌ನಲ್ಲಿ ಇಡುತ್ತಾರೆ. ನಮ್ಮ ದೋಣಿಗಳಲ್ಲಿ ಅವನ್ ಎಲ್ಲಿ! ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿಯೇ ಆಗಬೇಕು. ಕುಕ್ಕರ್ ಆಗುತ್ತದಾ ಅಂತ ಒಬ್ಬರು ಕೇಳಿದ್ದರು. ರಬ್ಬರ್ ಗ್ಯಾಸ್ಕೆಟ್ ತೆಗೆದು ಲೋಹಕ್ಕೆ ಲೋಹ ತಾಗುವಂತೆ ಮುಚ್ಚಿದರೆ ಇಲ್ಲದ್ದಕ್ಕಿಂತ ವಾಸಿ, ಖಾತ್ರಿ ಅಂತ ಹೇಳಲಾರೆ. ಆಮೇಲೆ ಅದನ್ನು ಮರೆತು ಬೇಳೆ ಬೇಯಿಸಲು ಇಡಬೇಡಿ. ಯಾವ ಸ್ಟೀಲ್ ಡಬ್ಬಿಯನ್ನೂ ದಿಕ್ಸೂಚಿಯ ಹತ್ತಿರ ಇಡಬೇಡಿ. ಐಪ್ಯಾಡಿನ ಕವರಿನಲ್ಲಿ ಮ್ಯಾಗ್ನೆಟ್ ಇರುತ್ತದೆ, ಅದೂ ಮುಳ್ಳನ್ನು ಎಳೆಯುತ್ತದೆ.

ಜಿಪಿಎಸ್ ಸಿಗ್ನಲ್ಲೇ ಕೆಡಬಹುದಾ? ಕೆಡಬಹುದು. ಉಪಗ್ರಹ ಇರುವುದು 20,200 ಕಿ.ಮೀ. ಮೇಲೆ. ಇಲ್ಲಿಗೆ ಬರುವ ಹೊತ್ತಿಗೆ ಸಿಗ್ನಲ್ ತೀರಾ ಕ್ಷೀಣ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ ಹಲವು ಹಡಗುಗಳ ಜಿಪಿಎಸ್, ಅವು ದಡದೊಳಗಿನ ವಿಮಾನ ನಿಲ್ದಾಣದಲ್ಲಿವೆ ಅಂತ ತೋರಿಸಿತ್ತು. ನಿಮ್ಮ ದಾರಿಯಲ್ಲಿ ಈ ಚಿಂತೆ ದೊಡ್ಡದಲ್ಲ. ಆದರೆ ಪರದೆ ಹೇಳುವುದಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳೆ ಹಾಕುವ ಅಭ್ಯಾಸ ಇರಲಿ. ಯಾರಾದರೂ ಹಳೆಯ ಕೈ ಜಿಪಿಎಸ್ ಉಡುಗೊರೆ ಕೊಟ್ಟರೆ ತಾರೀಕು ನೋಡಿ. ಜಿಪಿಎಸ್‌ನ ವಾರದ ಎಣಿಕೆ 1024 ಆದ ಮೇಲೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ 6ರಂದು ಹಾಗೆ ಆದಾಗ ಕೆಲವು ಹಳೆಯ ಯಂತ್ರಗಳು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹೋದವು.

ಫೋನ್‌ಗಳಿಗೆ ಬರುತ್ತೇನೆ. ಟವರ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ. ತುಂಬ ದಿನ ಆಫ್ ಆಗಿದ್ದು ನೆಟ್ ಸಹಾಯವೂ ಇಲ್ಲದಿದ್ದರೆ ಮೊದಲ ಸಲ ಜಾಗ ಹಿಡಿಯಲು ಹೊತ್ತು ಹಿಡಿಯುತ್ತದೆ. ಉಪಗ್ರಹಗಳ ಪೂರ್ತಿ ವೇಳಾಪಟ್ಟಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಆಕಾಶ ಕಾಣುವ ಕಡೆ ಇಟ್ಟು ಕಾಯಿರಿ, ಕೆಟ್ಟಿದೆ ಅಂತ ಕೈಬಿಡಬೇಡಿ. ಚಾರ್ಟ್ ಆ್ಯಪನ್ನು ದಡದಲ್ಲೇ ಏರೋಪ್ಲೇನ್ ಮೋಡಿಗೆ ಹಾಕಿ ತೆರೆದು ನೋಡಿ. ಲಾಗಿನ್ ಕೇಳಿ ನಿಲ್ಲುವ ಆ್ಯಪ್‌ಗಳಿವೆ. ಬಿಸಿಲಿನಲ್ಲಿ ಫೋನೂ ಐಪ್ಯಾಡೂ ಕಾದು ತಾವೇ ಆಫ್ ಆಗುತ್ತವೆ, ನೆರಳಿನಲ್ಲಿ ಇಡಿ.

ಒಂದು ಎಚ್ಚರಿಕೆ. ವಿದೇಶಿ ವಿಡಿಯೋ ನೋಡಿ ಸ್ಯಾಟಲೈಟ್ ಫೋನೋ ಸ್ಯಾಟಲೈಟ್ ಮೆಸೆಂಜರೋ ತರಿಸಿಕೊಳ್ಳಬೇಡಿ. ಥುರಾಯಾ, ಇರಿಡಿಯಂ ಸಾಧನಗಳನ್ನು ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಕೈಯಲ್ಲಿ ಹಿಡಿಯುವ ಕೆಲವು ಮೆಸೆಂಜರ್‌ಗಳೂ ಇರಿಡಿಯಂ ಮೇಲೆಯೇ ನಡೆಯುತ್ತವೆ. ಅದಕ್ಕೆ ಬದಲು ಅಪಾಯ ಬಂದಾಗ ಉಪಗ್ರಹಕ್ಕೆ ಕೂಗು ಕಳಿಸುವ 406 ಮೆಗಾಹರ್ಟ್ಸ್‌ನ ಇಪಿಐಆರ್‌ಬಿ ಇರಲಿ, ಅದನ್ನು ಕಡ್ಡಾಯವಾಗಿ ನೋಂದಾಯಿಸಿ. ಅದರ ಕೂಗು ಉಪಗ್ರಹದಿಂದ ಇಳಿಯುವುದು ನಮ್ಮ ಬೆಂಗಳೂರಿಗೇ, ಇಸ್ರೋದ ಇಸ್ಟ್ರಾಕ್‌ನಲ್ಲಿರುವ ನಿಯಂತ್ರಣ ಕೇಂದ್ರಕ್ಕೆ. ಅಲ್ಲಿಂದ ಕೋಸ್ಟ್ ಗಾರ್ಡಿಗೆ ಹೋಗುತ್ತದೆ. ಮೊಬೈಲ್ ಸಿಗುವ ಕಡೆ ಕೋಸ್ಟ್ ಗಾರ್ಡ್ ಸಂಖ್ಯೆ 1554, ವಿಎಚ್‌ಎಫ್‌ನಲ್ಲಿ ಚಾನೆಲ್ 16.

ಎಲ್ಲಕ್ಕಿಂತ ಅಗ್ಗದ ಬ್ಯಾಕಪ್ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು. ಪೆನ್ನು ಬೇಡ, ನೀರು ಬಿದ್ದರೆ ಹರಡುತ್ತದೆ. ಗಂಟೆಗೊಮ್ಮೆ ಹೊತ್ತು, ಅಕ್ಷಾಂಶ ರೇಖಾಂಶ, ದಿಕ್ಕು, ವೇಗ, ಆಳ ಬರೆಯಿರಿ. ಎಲ್ಲ ಪರದೆ ಆರಿಹೋದರೂ ನೀವು ಎಲ್ಲಿದ್ದಿರಿ ಅನ್ನುವುದು ಹೆಚ್ಚೆಂದರೆ ಒಂದು ಗಂಟೆ ಹಳೆಯದಾಗಿರುತ್ತದೆ. ಅಲ್ಲಿಂದ ಮುಂದೆ ಲೆಕ್ಕ ಸುಲಭ. 5 ನಾಟ್‌ನಲ್ಲಿ ಮೂರು ಗಂಟೆ ಅಂದರೆ 15 ನಾಟಿಕಲ್ ಮೈಲಿ. ಚಾರ್ಟಿನ ಅಂಚಿನ ಅಕ್ಷಾಂಶದ ಒಂದು ಮಿನಿಟೇ ಒಂದು ನಾಟಿಕಲ್ ಮೈಲಿ, 1852 ಮೀಟರ್. ಡಿವೈಡರ್‌ನಲ್ಲಿ ಅಳೆದು ಗೆರೆ ಎಳೆಯಿರಿ.

ಕರಾವಳಿ ಉದ್ದಕ್ಕೆ ಇದು ಧಾರಾಳ ಸಾಕು. ಕಾರವಾರದ ಹೊರಗಿನ ಆಯ್ಸ್ಟರ್ ರಾಕ್, 1901ರ ಕಾಪು, ಸುರತ್ಕಲ್, ಹೀಗೆ ದೀಪಸ್ತಂಭಗಳು ಸಿಗುತ್ತಾ ಹೋಗುತ್ತವೆ. ಪ್ರತಿಯೊಂದೂ ಮಿನುಗುವ ರೀತಿ ಬೇರೆ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಅಂತ ಚಾರ್ಟಿನಲ್ಲೇ ಬರೆದಿರುತ್ತದೆ. ಕೈ ದಿಕ್ಸೂಚಿಯಲ್ಲಿ ಎರಡು ದೀಪಗಳ ದಿಕ್ಕು ಹಿಡಿದು ಚಾರ್ಟಿನ ಮೇಲೆ ಎರಡು ಗೆರೆ ಎಳೆದರೆ, ಅವು ಕೂಡುವ ಕಡೆ ನೀವಿದ್ದೀರಿ. ಹಗಲಾದರೆ ಮುರ್ಡೇಶ್ವರದ ಶಿವನೂ ಆಗುತ್ತಾನೆ.

ಮಂಗಳೂರಿನಿಂದ ಕವರತ್ತಿಗೆ ಹೋಗುವಾಗ ಮಾತ್ರ ಲೆಕ್ಕ ಬಿಗಿ. ಸುಮಾರು 190 ನಾಟಿಕಲ್ ಮೈಲಿ, 5 ನಾಟ್‌ನಲ್ಲಿ 38 ಗಂಟೆ. ಅರ್ಧ ದಾರಿಯಲ್ಲಿ ಎಲ್ಲ ಕೈಕೊಟ್ಟಿತು ಅಂದುಕೊಳ್ಳಿ. ಇನ್ನು 19 ಗಂಟೆ. ಚಳಿಗಾಲದಲ್ಲಿ ನಮ್ಮ ಕಡಲ ಕರೆಯುದ್ದಕ್ಕೂ ಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಗಂಟೆಗೆ ಅರ್ಧ ಮೈಲಿ ತಳ್ಳಿದರೂ 19 ಗಂಟೆಗೆ ಒಂಬತ್ತೂವರೆ ಮೈಲಿ ಪಕ್ಕಕ್ಕೆ ಹೋಗಿರುತ್ತೀರಿ. ತೆಂಗಿನ ತಲೆಗಳು ಕಾಣುವುದು ಹೆಚ್ಚೂಕಡಿಮೆ ಅಷ್ಟೇ ದೂರದಿಂದ. ದ್ವೀಪ ಪಕ್ಕದಲ್ಲೇ ಇದ್ದರೂ ಕಾಣದೆ ದಾಟಿಬಿಡಬಹುದು. ಕತ್ತಲಲ್ಲಾದರೆ ದಿಬ್ಬಕ್ಕೆ ಹತ್ತಬಹುದು. ಆ ಪರಿಸ್ಥಿತಿ ಬಂದರೆ ನನ್ನ ಸಲಹೆ: ಮುಂದಕ್ಕೆ ಹೋಗಬೇಡಿ, ಪೂರ್ವಕ್ಕೆ ತಿರುಗಿಸಿ. ಪೂರ್ವದಲ್ಲಿ ಇಡೀ ಭಾರತವೇ ಅಡ್ಡ ನಿಂತಿದೆ, ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು ಅನ್ನುವುದು ಗೊತ್ತಿದೆ ಅಲ್ವಾ? ಅದನ್ನು ಮೊದಲೇ ಮಾಡಿಸಿ.

ಎರಡನೇ ಪ್ಲಾಟರ್ ಬೇಡ. ಆ ದುಡ್ಡಿನಲ್ಲಿ ಬೇರೆ ಬ್ಯಾಟರಿ, ಕನ್ವರ್ಟರ್, ಒಂದು ಯುಎಸ್‌ಬಿ ಜಿಪಿಎಸ್, ಎಎ ಸೆಲ್ ಹಾಕುವ ಒಂದು ಕೈ ಜಿಪಿಎಸ್, ಕಾಗದದ ಚಾರ್ಟು ಎಲ್ಲ ಬರುತ್ತವೆ, ಇನ್ನೂ ಉಳಿಯುತ್ತದೆ. ಗೋವಾದಿಂದ ಕಾರವಾರದವರೆಗಿನ ಮೊದಲ ಹಗಲಿನಲ್ಲಿ, ಹವಾಮಾನ ಚೆನ್ನಾಗಿರುವಾಗ, ಯಾರಿಗೂ ಹೇಳದೆ ಬ್ಯಾಟರಿಯ ಮೇನ್ ಸ್ವಿಚ್ ಆಫ್ ಮಾಡಿ. ಓಪನ್‌ಸಿಪಿಎನ್ ಗೊತ್ತಿಲ್ಲದ ಗೆಳೆಯರ ಕೈಗೆ ಚುಕ್ಕಾಣಿ ಕೊಟ್ಟು ಎರಡು ಗಂಟೆ ನಡೆಸಿ. ನೀವು ಬಾಯಿ ಬಿಡಬೇಡಿ. ಯಾವ ಡಬ್ಬಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ ಅನ್ನುವುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಕೊನೆಗೆ ಸೆಕ್ಸ್‌ಟಂಟ್. ಕೇರಳದವರಾದ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ ಜಿಪಿಎಸ್ ಬಳಸುವಂತಿಲ್ಲದ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಒಬ್ಬರೇ ಭೂಮಿ ಸುತ್ತಿ 2023ರಲ್ಲಿ ಎರಡನೆಯವರಾಗಿ ಬಂದರು. ಅವರಿಗೆ ಅದು ಬೇಕಿತ್ತು. ನಿಮ್ಮ ಈ ಪ್ರಯಾಣಕ್ಕೆ ಬೇಕೇ ಬೇಕು ಅಂತಿಲ್ಲ. ಆದರೆ ಧ್ರುವ ನಕ್ಷತ್ರದ ಲೆಕ್ಕವಾದರೂ ಕಲಿಯಿರಿ, ಅದಕ್ಕೆ ಒಂದು ಸಂಜೆ ಸಾಕು. ದಿಗಂತದಿಂದ ಧ್ರುವ ಎಷ್ಟು ಡಿಗ್ರಿ ಮೇಲಿದೆಯೋ ಅದೇ ಹೆಚ್ಚೂಕಡಿಮೆ ನಿಮ್ಮ ಅಕ್ಷಾಂಶ. ಪಣಜಿಯಲ್ಲಿ ಹದಿನೈದೂವರೆ, ಕಾಪು ಎದುರಿಗೆ ಹದಿಮೂರು ಚಿಲ್ಲರೆ, ಕವರತ್ತಿಯಲ್ಲಿ ಹತ್ತೂವರೆ. ಅರಬ್ ನಾವಿಕರು ಇದೇ ಕಡಲಿನಲ್ಲಿ ಕಮಾಲ್ ಅನ್ನುವ ಹಲಗೆ ಚೂರಿಗೆ ಗಂಟು ಹಾಕಿದ ದಾರ ಕಟ್ಟಿ, ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಹಿಡಿದು ಅಳೆಯುತ್ತಿದ್ದರು. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಮಲ್ಪೆಯ ಹೊರಗೆ ಮೋಡವಿಲ್ಲದ ರಾತ್ರಿ ದಿಗಂತದ ಮೇಲೆ ಮುಷ್ಟಿಯಿಟ್ಟು ನೋಡಿ. ಧ್ರುವ ಅದರ ನೆತ್ತಿಯಿಂದ ಸ್ವಲ್ಪ ಮೇಲೆ ಸಿಗುತ್ತದೆ. ಸಿಕ್ಕಿದ ಅಂಕಿಯನ್ನು ಅದೇ ನೋಟ್‌ಬುಕ್ಕಿನಲ್ಲಿ ಜಿಪಿಎಸ್ ಅಂಕಿಯ ಪಕ್ಕದಲ್ಲಿ ಬರೆಯಿರಿ.